ಕೀಬೋರ್ಡ್, ಸಿಂಥಸೈಜರ್‌ಗಳಿಗೆ ಮನೆಯಲ್ಲೇ ಅಗ್ಗದ ಸ್ಟ್ಯಾಂಡ್

ವಿದ್ಯುನ್ಮಾನ ವಾದ್ಯವೊಂದನ್ನು ಮನೆಗೆ ತಂದವರು ಅದನ್ನು ಎಲ್ಲಿ ಇಡಬೇಕೆಂದು ಯೋಚಿಸುವುದು ಸಾಮಾನ್ಯವಾಗಿ ಪೆಟ್ಟಿಗೆ ಬಿಚ್ಚಿದ ಮೇಲೆಯೇ. ಊಟದ ಮೇಜು, ಮಂಚದ ಅಂಚು, ಕೆಲವೊಮ್ಮೆ ಇಸ್ತ್ರಿಯ ಹಲಗೆ ಅದಕ್ಕೆ ತಾತ್ಕಾಲಿಕ ನೆಲೆಯಾಗುತ್ತವೆ. ಬಳಿಕ ಅಂಗಡಿಯಿಂದ ಎಕ್ಸ್ ಆಕಾರದ ಮಡಚುವ ಸ್ಟ್ಯಾಂಡ್ ಬರುತ್ತದೆ. ಅದು ಹಗುರ, ಸಾಗಿಸಲು ಸುಲಭ. ಆದರೆ ಎತ್ತರಿಸಿದಷ್ಟೂ ಅದರ ಪಾದಗಳು ಹತ್ತಿರವಾಗುತ್ತವೆ. ಎರಡೂ ಕೈಗಳಿಂದ ಬಿರುಸಾಗಿ ನುಡಿಸಿದರೆ ಅಕ್ಕಪಕ್ಕಕ್ಕೆ ಓಲಾಡುತ್ತದೆ. ಕುಳಿತವರ ಮೊಣಕಾಲು ನಡುವಿನ ಕೊಳವೆಗೆ ತಾಗುತ್ತದೆ. ಸ್ಟ್ಯಾಂಡನ್ನು ಮನೆಯಲ್ಲೇ ಮಾಡಿಕೊಳ್ಳುವುದರಿಂದ ಹಣ ಉಳಿಯುವುದು ನಿಜವಾದರೂ, ನುಡಿಸುವವರ ಮೈಯಳತೆಗೆ ಹೊಂದುವಂತೆ ಅದನ್ನು ರೂಪಿಸಬಹುದೆಂಬುದೇ ದೊಡ್ಡ ಲಾಭ.

ಆದ್ದರಿಂದ ಮರ, ಕಬ್ಬಿಣ ಕೊಳ್ಳುವುದಕ್ಕೆ ಮೊದಲು ಎತ್ತರವನ್ನು ನಿರ್ಧರಿಸಬೇಕು. ಪಿಯಾನೋದ ಬಿಳಿ ಮನೆಗಳು ನೆಲದಿಂದ ಸುಮಾರು 73 ಸೆಂ.ಮೀ. ಎತ್ತರದಲ್ಲಿರುತ್ತವೆ. ಇದು ಒಳ್ಳೆಯ ಆರಂಭದ ಅಳತೆಯೇ ಹೊರತು ಶಾಸನವಲ್ಲ. ತಾವು ನಿತ್ಯ ಬಳಸುವ ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ಮುಂಗೈಯನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು, ಮೊಣಕೈಯ ಕೆಳಭಾಗ ನೆಲದಿಂದ ಎಷ್ಟು ಮೇಲಿದೆಯೆಂದು ಮನೆಯ ಇನ್ನೊಬ್ಬರಿಂದ ಅಳೆಸಿರಿ. ಆ ಅಳತೆಯಿಂದ ವಾದ್ಯದ ತಳಕ್ಕೂ ಮನೆಗಳ ಮೇಲ್ಮೈಗೂ ನಡುವಣ ಅಂತರವನ್ನು ಕಳೆಯಬೇಕು. ಮೊಣಕೈ 73 ಸೆಂ.ಮೀ. ಇದ್ದು, ವಾದ್ಯದಲ್ಲಿ ಆ ಅಂತರ 8 ಸೆಂ.ಮೀ. ಇದ್ದರೆ ಸ್ಟ್ಯಾಂಡಿನ ಮೇಲ್ತುದಿ 65 ಸೆಂ.ಮೀ. ಆಗುತ್ತದೆ. ಎತ್ತರ ಹೆಚ್ಚಾದರೆ ಭುಜ ಮೇಲೇರಿ ಬಿಗಿಯಾಗುತ್ತದೆ, ಕಡಿಮೆಯಾದರೆ ಮಣಿಕಟ್ಟು ಮಡಚಿಕೊಳ್ಳುತ್ತದೆ. ಬೆಳೆಯುವ ಮಕ್ಕಳಿಗಾದರೆ ಸ್ಟ್ಯಾಂಡನ್ನು ಬದಲಿಸುವ ಬದಲು ಕುರ್ಚಿಯನ್ನು ಹೊಂದಿಸಿ, ಕಾಲಿಗೆ ಮಣೆ ಕೊಡುವುದು ಜಾಣತನ. ನಮ್ಮಲ್ಲಿ ಭಜನೆಗಾಗಲಿ ಶಾಸ್ತ್ರೀಯ ಸಂಗೀತಕ್ಕಾಗಲಿ ಚಕ್ಕಳಮಕ್ಕಳ ಹಾಕಿ ಕುಳಿತು ಕೀಬೋರ್ಡ್ ನುಡಿಸುವವರು ಬಹಳ. ಮಾರುಕಟ್ಟೆಯ ಸಾಮಾನ್ಯ ಸ್ಟ್ಯಾಂಡುಗಳು ಅವರನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಇದೇ ಲೆಕ್ಕದಿಂದ, ಮಂಡಿಗೆ ಜಾಗ ಬಿಟ್ಟು, ಎರಡು ಗಿಡ್ಡ ಪಕ್ಕಹಲಗೆಗಳ ಪೀಠವೊಂದನ್ನು ಅವರು ಸುಲಭವಾಗಿ ಮಾಡಿಕೊಳ್ಳಬಹುದು.

ಇನ್ನು ಭಾರ. ಯಮಾಹಾ ಪಿಎಸ್‌ಆರ್-ಇ373ರಂಥ 61 ಮನೆಗಳ ಕೀಬೋರ್ಡ್ 4.6 ಕಿಲೋ ತೂಗುತ್ತದೆ. 88 ಮನೆಗಳ ಪಿ-45 ಡಿಜಿಟಲ್ ಪಿಯಾನೋ 11.5 ಕಿಲೋ, 1983ರಲ್ಲಿ ಬಂದ ಡಿಎಕ್ಸ್7 ಸಿಂಥಸೈಜರ್ 14 ಕಿಲೋಗೂ ತುಸು ಹೆಚ್ಚು. ಪುಸ್ತಕದ ಕಪಾಟು ಹೊರುವ ಹೊರೆಯ ಮುಂದೆ ಇವು ಏನೇನೂ ಅಲ್ಲ. ಮನೆಯಲ್ಲಿ ಮಾಡಿದ ಸ್ಟ್ಯಾಂಡುಗಳು ಭಾರಕ್ಕೆ ಮುರಿಯುವುದು ಅಪರೂಪ. ಅವು ಸೋಲುವುದು ಓಲಾಟಕ್ಕೆ. ನಾಲ್ಕು ಕಾಲು, ಮೇಲೊಂದು ಚೌಕಟ್ಟು ಎಂಬ ಆಯತಾಕಾರ ಎಷ್ಟೇ ದಪ್ಪದ ಮರದ್ದಾಗಿದ್ದರೂ ಮೂಲೆಗಳಲ್ಲಿ ಸಡಿಲಗೊಂಡು ಪಕ್ಕಕ್ಕೆ ವಾಲುತ್ತದೆ. ತ್ರಿಕೋನ ಹಾಗೆ ವಾಲಲಾರದು. ಹಿಂಬದಿಯಲ್ಲಿ ಕರ್ಣವಾಗಿ ಒಂದೇ ಒಂದು ಪಟ್ಟಿಯನ್ನು ಬಿಗಿದರೆ ಇಡೀ ಸ್ಟ್ಯಾಂಡಿನ ಸ್ವಭಾವವೇ ಬದಲಾಗುತ್ತದೆ. ವೇದಿಕೆಗಳಲ್ಲಿ ಹೆಸರಾದ ಫೆಂಡರ್ ರೋಡ್ಸ್ ವಿದ್ಯುತ್ ಪಿಯಾನೋದ ತಿರುಪು ಕಾಲುಗಳಿಗೂ ಇಂಥ ಓರೆಯ ಸರಳುಗಳಿದ್ದವು. ಪಟ್ಟಿ ಗಟ್ಟಿ ಲೋಹದ್ದೋ ಮರದ್ದೋ ಆದರೆ ಒಂದು ಸಾಕು. ತಂತಿಯಾದರೆ ಎರಡು ಬೇಕು, ಏಕೆಂದರೆ ತಂತಿ ಎಳೆಯಬಲ್ಲದು, ತಳ್ಳಲಾರದು.

ಸಾಮಗ್ರಿಗಳ ಪೈಕಿ ಈ ಲೇಖಕನ ಮತ ಸ್ಲಾಟೆಡ್ ಆಂಗಲ್‌ಗೆ. ಗೋದಾಮಿನ ಕಪಾಟುಗಳಿಗೆ ಬಳಸುವ, ಉದ್ದಕ್ಕೂ ರಂಧ್ರಗಳಿರುವ ಈ ಕಬ್ಬಿಣದ ಪಟ್ಟಿ ಜಿಲ್ಲಾ ಕೇಂದ್ರಗಳ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಅಳತೆಗೆ ಕತ್ತರಿಸಿಕೊಡುವವರೂ ಉಂಟು. ವೆಲ್ಡಿಂಗ್ ಬೇಡ, ರಂಧ್ರ ಕೊರೆಯುವುದು ಬೇಡ, ಎರಡು ಸ್ಪ್ಯಾನರ್ ಇದ್ದರಾಯಿತು. 61 ಮನೆಗಳ ಕೀಬೋರ್ಡಿಗೆ 65 ಸೆಂ.ಮೀ.ನ ನಾಲ್ಕು ಕಾಲು, ಪಕ್ಕದ ಚೌಕಟ್ಟುಗಳಿಗೆ 40 ಸೆಂ.ಮೀ.ನ ನಾಲ್ಕು ತುಂಡು, ಅವುಗಳನ್ನು ಜೋಡಿಸಲು 80 ಸೆಂ.ಮೀ.ನ ಮೂರು, ಹಿಂಬದಿಯ ಕರ್ಣಕ್ಕೆ ಸುಮಾರು 105 ಸೆಂ.ಮೀ.ನ ಒಂದು: ಒಟ್ಟು ಎಂಟು ಮೀಟರಿಗೂ ಕಡಿಮೆ. ಉದ್ದದ ಮೂರು ತುಂಡುಗಳಲ್ಲಿ ಎರಡು ಹಿಂಬದಿಯ ಮೇಲೆ ಕೆಳಗೆ, ಒಂದು ಮುಂಬದಿಯ ಮೇಲೆ. ಮುಂದೆ ಕೆಳಗಡೆ ಏನೂ ಬೇಡ, ಅದು ಕಾಲಿಗೆ ಬಿಟ್ಟ ಜಾಗ. ಮೂಲೆಗಳಿಗೆ ಅದೇ ಅಂಗಡಿಯ ತ್ರಿಕೋನ ತಗಡುಗಳನ್ನು ಹಾಕಬೇಕು. ಕತ್ತರಿಸಿದ ಅಂಚು ಚಾಕುವಿನಂತಿರುತ್ತದಾದ್ದರಿಂದ ಅರದಿಂದ ಉಜ್ಜದೆ ಮುಟ್ಟಬಾರದು.

ಬಡಗಿಯ ಬಳಿ ಉಳಿದ ಪ್ಲೈವುಡ್ ತುಂಡುಗಳು ಇನ್ನೂ ಅಗ್ಗ, ನೋಡಲೂ ಚೆನ್ನ. ಅಲ್ಲಿ ನೆನಪಿಡಬೇಕಾದ ನಿಯಮ ಒಂದೇ: ಹಲಗೆಯ ದಪ್ಪ ಇಮ್ಮಡಿಯಾದರೆ ಅದೇ ಹೊರೆಗೆ ಅದು ಬಾಗುವುದು ಎಂಟನೆಯ ಒಂದು ಪಾಲು. ಅಂದರೆ, ಮಲಗಿಸಿದ ತೆಳು ಹಲಗೆಯ ಕೆಳಗೆ ಐದು ಸೆಂ.ಮೀ. ಅಗಲದ ಪಟ್ಟಿಯೊಂದನ್ನು ಅಂಚಿನ ಮೇಲೆ ನಿಲ್ಲಿಸಿ ಅಂಟಿಸಿದರೆ ದುಬಾರಿ ದಪ್ಪ ಹಲಗೆಯ ಅಗತ್ಯವೇ ಬೀಳದು. ಪಿವಿಸಿ ಕೊಳವೆಯ ಸ್ಟ್ಯಾಂಡುಗಳು ಜನಪ್ರಿಯವಾದರೂ, ಸದಾ ಹೊರೆ ಹೊತ್ತ ಪ್ಲಾಸ್ಟಿಕ್ ಕಾಲಕ್ರಮೇಣ ಬಾಗುತ್ತದೆ, ಬಿಸಿಲಿನ ಕಿಟಕಿಯ ಬಳಿ ಇನ್ನೂ ಬೇಗ. ಪುಟ್ಟ ಡ್ರಮ್ ಮಶೀನಿಗೆ ಸರಿ, ಪಿಯಾನೋಗೆ ಬೇಡ.

ಎರಡು ಅಂತಸ್ತು ಬೇಕೆನ್ನುವವರು ಮೇಲಿನ ವಾದ್ಯವನ್ನು ಹಿಂದಕ್ಕೆ ಸರಿಸಿ, ತನ್ನತ್ತ ಓರೆಯಾಗಿಸಿ ಇಡಬೇಕಾಗುತ್ತದೆ; ಇಲ್ಲವಾದರೆ ಕೆಳಗಿನದರ ಗುಂಡಿಗಳು ಕೈಗೆ ಸಿಗವು. ಹಾಗೆ ಹಿಂದೆ ಸರಿದ ಭಾರ ಹಿಂದಿನ ಪಾದಗಳನ್ನು ದಾಟಿ ಹೋದರೆ ಸ್ಟ್ಯಾಂಡ್ ಮಗುಚುತ್ತದೆ. ಆದ್ದರಿಂದ ಪಾದಗಳನ್ನೂ ಅಷ್ಟೇ ಹಿಂದಕ್ಕೆ ಚಾಚಬೇಕು. ಓರೆಯ ಹಲಗೆಗೆ ಮುಂದೆ ತಡೆಪಟ್ಟಿ ಇರಲೇಬೇಕು. ರ‍್ಯಾಕ್ ಉಪಕರಣಗಳಿಗೆ ಅಳತೆ ಜಗತ್ತಿನಾದ್ಯಂತ ಒಂದೇ. ಮುಖಫಲಕದ ಅಗಲ 482.6 ಮಿ.ಮೀ., ಒಂದು ಯೂನಿಟ್ ಎತ್ತರ 44.45 ಮಿ.ಮೀ. ಎರಡು ಮರದ ಪಕ್ಕಗಳ ನಡುವೆ 451 ಮಿ.ಮೀ. ತೆರವು ಬಿಟ್ಟರೆ ಪೆಟ್ಟಿಗೆ ಸಿದ್ಧ.

ವಿದ್ಯುತ್ ಅಡಾಪ್ಟರಿನ ತಂತಿಯನ್ನು ಒಂದು ಕಾಲಿಗೂ ಧ್ವನಿಯ ತಂತಿಗಳನ್ನು ಇನ್ನೊಂದು ಕಾಲಿಗೂ ಕಟ್ಟುವುದರಿಂದ ಗುಂಯ್‌ಗುಡುವ ಸದ್ದು ತಗ್ಗುತ್ತದೆ. ಅವು ಎಲ್ಲಾದರೂ ಸಂಧಿಸಲೇಬೇಕಾದರೆ ಲಂಬವಾಗಿ ಹಾಯಲಿ. ತಂತಿಗೆ ಸ್ವಲ್ಪ ಸಡಿಲ ಬಿಡಬೇಕು, ಎಡವಿದವರ ಕಾಲಿಗೆ ವಾದ್ಯವೇ ಎಳೆದು ಬರಬಾರದು.

ವಾದ್ಯವನ್ನು ಏರಿಸುವ ಮುನ್ನ ಪರೀಕ್ಷೆ ಆಗಬೇಕು. ವಾದ್ಯದ ಇಮ್ಮಡಿ ತೂಕದ ಅಕ್ಕಿ ಚೀಲವನ್ನು ಒಂದು ರಾತ್ರಿ ಮೇಲಿಟ್ಟು, ಬೆಳಿಗ್ಗೆ ಹಲಗೆ ಬಾಗಿದೆಯೇ ಎಂದು ದಾರ ಹಿಡಿದು ನೋಡಿರಿ. ಆಮೇಲೆ ಮೇಲ್ಮೂಲೆಯನ್ನು ಒಂದೇ ಬೆರಳಿನಿಂದ ಪಕ್ಕಕ್ಕೆ ತಳ್ಳಿರಿ. ಅಲುಗಿದರೆ ಬೋಲ್ಟುಗಳನ್ನು ಬಿಗಿಯಿರಿ. ಆಗಲೂ ಅಲುಗಿದರೆ ಮೂಲೆಯ ತಗಡನ್ನೋ ಕರ್ಣವನ್ನೋ ಎಲ್ಲೋ ಬಿಟ್ಟಿದ್ದೀರಿ. ಮೊದಲ ತಿಂಗಳ ನಂತರ ಎಲ್ಲ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕು.