ಸರ್ವೆ ನಂಬರಿನ ಗಡಿಯಾಚೆ: ಭೂ ಅಭಿವೃದ್ಧಿಯಲ್ಲಿ ನಗರ ಯೋಜಕರ ಪಾತ್ರ

ನಮ್ಮ ದೊಡ್ಡ ಊರುಗಳ ಹೊರವಲಯದಲ್ಲಿ 30 ಅಡಿಯ ರಸ್ತೆಯೊಂದು ನೇರವಾಗಿ ಸಾಗಿ ಕಾಂಪೌಂಡ್ ಗೋಡೆಗೆ ತಾಕಿ ನಿಲ್ಲುವುದು ಸಾಮಾನ್ಯ ನೋಟ. ಗೋಡೆಯ ಆಚೆಗೂ ಬಡಾವಣೆಯೇ ಇರುತ್ತದೆ. ಅಲ್ಲಿಯೂ 30 ಅಡಿಯ ರಸ್ತೆ ಇರುತ್ತದೆ, ಆದರೆ ಈ ರಸ್ತೆಗೆ ಎದುರಾಗದೆ ಹತ್ತಿಪ್ಪತ್ತು ಅಡಿ ಪಕ್ಕಕ್ಕೆ ಸರಿದಿರುತ್ತದೆ. ಎರಡೂ ನಕ್ಷೆಗಳಿಗೆ ಮಂಜೂರಾತಿ ಇರಬಹುದು. ಉದ್ಯಾನದ ಪಾಲು, ರಸ್ತೆಯ ಅಗಲ ಎರಡರಲ್ಲೂ ನಿಯಮದಂತೆಯೇ ಇರಬಹುದು. ಒಂದೊಂದನ್ನೇ ಪರಿಶೀಲಿಸಿದರೆ ಎಲ್ಲಿಯೂ ದೋಷ ಸಿಗುವುದಿಲ್ಲ. ದೋಷವಿರುವುದು ಆ ಎರಡು ನಕ್ಷೆಗಳ ನಡುವೆ. ಕರ್ನಾಟಕದಲ್ಲಿ ನಗರ ಯೋಜಕರ ಕೆಲಸ ಒಬ್ಬೊಬ್ಬ ಮಾಲೀಕರ ಸರ್ವೆ ನಂಬರಿನೊಳಗೆ ಸಿಕ್ಕಿಕೊಂಡಿದೆ, ಅವರ ಅಗತ್ಯ ಹೆಚ್ಚಾಗಿರುವುದು ಸರ್ವೆ ನಂಬರುಗಳು ಒಂದನ್ನೊಂದು ಮುಟ್ಟುವ ಕಡೆ ಎಂಬುದು ಈ ಲೇಖನದ ವಾದ.

ಸರ್ವೆ ನಂಬರು ಹುಟ್ಟಿದ್ದು ಕಂದಾಯ ವಸೂಲಿಗಾಗಿ. ಯಾರ ಹಿಡುವಳಿ ಎಷ್ಟು, ಅದರ ಮೇಲಿನ ತೀರುವೆ ಎಷ್ಟು ಎಂದು ಗೊತ್ತುಮಾಡಲು ಹತ್ತೊಂಬತ್ತನೆಯ ಶತಮಾನದ ಭೂಮಾಪಕರು ಊರೂರು ತಿರುಗಿ ಗಡಿಕಲ್ಲು ನೆಟ್ಟರು, ಗ್ರಾಮ ನಕಾಶೆ ಬರೆದರು. ಹೊಲದ ಲೆಕ್ಕಕ್ಕೆ ಆ ಘಟಕ ಸೊಗಸಾಗಿ ಹೊಂದುತ್ತಿತ್ತು. ಊರಿನ ಲೆಕ್ಕಕ್ಕೆ ಹೊಂದುವುದಿಲ್ಲ. ಆದರೂ ಹೊಲ ನಿವೇಶನವಾಗುವ ದಾರಿ ಪೂರ್ತಿ ಈ ಘಟಕದ ಮೇಲೆಯೇ ನಿಂತಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ ಕೇಳುವುದು ಸರ್ವೆ ನಂಬರಿನ ಮೇಲೆ. 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮಿನಡಿ ಯೋಜನಾ ಪ್ರಾಧಿಕಾರಕ್ಕೆ ವಿನ್ಯಾಸ ನಕ್ಷೆ ಸಲ್ಲಿಸುವವರು ಆ ಜಮೀನಿನ ಮಾಲೀಕರು. ಕಡತ ಯೋಜಕರ ಮೇಜಿಗೆ ಬರುವ ಹೊತ್ತಿಗೆ ಜಮೀನಿನ ಬೆಲೆ ಕುದುರಿರುತ್ತದೆ, ರೈತರಿಗೆ ಮುಂಗಡ ಸಂದಿರುತ್ತದೆ, ಎಷ್ಟು ನಿವೇಶನ ಏಳಬೇಕೆಂಬ ಲೆಕ್ಕವೂ ಮುಗಿದಿರುತ್ತದೆ. ಉಳಿದದ್ದು ಶೇಕಡಾವಾರು ಪಾಲು ಸರಿಯಿದೆಯೇ ಎಂದು ನೋಡಿ ಸಹಿ ಹಾಕುವುದು ಅಥವಾ ವಾಪಸು ಕಳಿಸುವುದು. ಯೋಜನೆ ಎಂಬ ಕಸುಬು ಇಲ್ಲಿಗೆ ಬರುವಷ್ಟರಲ್ಲಿ ತಪಾಸಣೆಯಾಗಿ ಕುಗ್ಗಿಬಿಡುತ್ತದೆ.

ಆ ಮೇಜಿನ ಮೇಲೆಯೇ ಒಳ್ಳೆಯ ಯೋಜಕರು ಏನನ್ನು ನೋಡಬಲ್ಲರು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲನೆಯದು ಖರಾಬು. ಪಹಣಿಯಲ್ಲಿ ಎ ಖರಾಬು, ಬಿ ಖರಾಬು ಎಂಬ ಎರಡು ನಮೂದುಗಳಿರುತ್ತವೆ. ಬಂಡೆ, ಗುಂಡಿಗಳಿಂದಾಗಿ ಸಾಗುವಳಿಗೆ ಬಾರದ ನೆಲ ಎ ಖರಾಬು. ಬಂಡಿದಾರಿ, ಹಳ್ಳ, ಕೆರೆ, ಸ್ಮಶಾನ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು ಬಿ ಖರಾಬು. ಬಿ ಖರಾಬು ಸರ್ಕಾರದ್ದು, ಮಾಲೀಕರು ಅದನ್ನು ಮಾರುವಂತಿಲ್ಲ. ಕಾಗದದಲ್ಲಿ ಮೂರೋ ನಾಲ್ಕೋ ಗುಂಟೆ ಎಂದು ಕಾಣುವ ಈ ನೆಲವನ್ನು ಪಕ್ಕಪಕ್ಕದ ಹತ್ತು ಸರ್ವೆ ನಂಬರುಗಳಲ್ಲಿ ಜೋಡಿಸಿ ನೋಡಿದರೆ ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಹರಿಯುವ ಕಾಲುವೆಯೋ, ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವ ದಾರಿಯೋ ಎದ್ದುಬರುತ್ತದೆ. ಒಂದೇ ಸರ್ವೆ ನಂಬರಿನ ಕಡತದಲ್ಲಿ ಮಾತ್ರ ಅದು ಯಾವ ಅರ್ಥವೂ ಇಲ್ಲದ ತುಂಡು. ನಿವೇಶನಗಳ ಸಾಲಿಗೆ ಅಡ್ಡವಾದರೆ ಸಲೀಸಾಗಿ ಮರೆತುಬಿಡಬಹುದಾದ ತುಂಡು.

ಎರಡನೆಯದು ನೆಲದ ಇಳಿಜಾರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಕೂತಿರುವ ಬೆಂಗಳೂರಿನ ಮಳೆನೀರು ವೃಷಭಾವತಿ ಕಣಿವೆಯಿಂದ ಅರ್ಕಾವತಿಯ ಕಡೆಗೂ, ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳಿಂದ ದಕ್ಷಿಣ ಪಿನಾಕಿನಿಯ ಕಡೆಗೂ ಇಳಿಯುತ್ತದೆ. ಈ ಇಳಿಜಾರಿನ ಗುಟ್ಟು ತಿಳಿದಿದ್ದ ಕೆರೆ ಕಟ್ಟಿದವರು ಒಂದರ ಕೋಡಿಯ ನೀರು ಮುಂದಿನದಕ್ಕೆ ಸೇರುವಂತೆ ಸರಣಿಯನ್ನೇ ರಚಿಸಿದ್ದರು. ಕೆರೆಯಿಂದ 30 ಮೀಟರ್, ಪ್ರಾಥಮಿಕ, ದ್ವಿತೀಯ, ತೃತೀಯ ಹಂತದ ರಾಜಕಾಲುವೆಗಳಿಂದ ಕ್ರಮವಾಗಿ 50, 25, 15 ಮೀಟರ್ ಜಾಗ ಬಿಡಬೇಕೆಂದು ಬೆಂಗಳೂರಿನ ‘ಪರಿಷ್ಕೃತ ಮಹಾ ಯೋಜನೆ–2015’ ವಿಧಿಸಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಇದನ್ನು ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35, 25 ಮೀಟರ್ ಎಂದು ಹೆಚ್ಚಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಬದಿಗಿರಿಸಿ ಮಹಾ ಯೋಜನೆಯ ಅಂತರವನ್ನೇ ಉಳಿಸಿತು. ಚರ್ಚೆಯೆಲ್ಲ ಎಷ್ಟು ಮೀಟರ್ ಎಂಬುದರ ಸುತ್ತ ನಡೆಯಿತು. ಮೀಟರುಗಳು ಮುಖ್ಯವೇ. ಆದರೆ ಕಾಲುವೆ ಯಾವುದು, ಅದು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ನೆಲದ ಮೇಲೆ ನಡೆದು ಗುರುತಿಸಿದ ನಕ್ಷೆ ಇಲ್ಲದಿದ್ದರೆ 50 ಆಗಲಿ 75 ಆಗಲಿ ಅಳೆಯುವುದು ಎಲ್ಲಿಂದ? 1914ರಲ್ಲಿ ಭಾರತಕ್ಕೆ ಬಂದು ಹಲವು ನಗರಗಳಿಗೆ ವರದಿ ಬರೆದ ಪ್ಯಾಟ್ರಿಕ್ ಗೆಡ್ಡಿಸ್, ಯೋಜನೆಗೆ ಮೊದಲು ಸಮೀಕ್ಷೆ ಎಂಬ ನಿಯಮವನ್ನು ಪಟ್ಟುಹಿಡಿದು ಪಾಲಿಸಿದರು. ಗಲ್ಲಿಗಲ್ಲಿ ನಡೆಯದೆ ಗೆರೆ ಎಳೆಯುವುದನ್ನು ಅವರು ಒಪ್ಪುತ್ತಿರಲಿಲ್ಲ. ನೂರು ವರ್ಷ ಕಳೆದರೂ ನಮ್ಮ ಪ್ರಾಧಿಕಾರಗಳ ಕೆಲಸದ ಕ್ರಮದಲ್ಲಿ ಆ ನಡಿಗೆಗೆ ಸಿಗಬೇಕಾದ ವೇಳೆ ಸಿಕ್ಕಿಲ್ಲ.

ಹಿಂದೆ ಯೋಜಕರಿಗೆ ಸರ್ವೆ ನಂಬರಿನ ಈ ಕಟ್ಟು ಇರಲಿಲ್ಲ. 1890ರ ದಶಕದಲ್ಲಿ ರೂಪುಗೊಂಡು, 1898ರ ಪ್ಲೇಗಿನ ನಂತರ ಬೇಗಬೇಗ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ರಸ್ತೆ, ಚರಂಡಿ, ಹಿತ್ತಿಲ ಓಣಿ, ಬಯಲು ಎಲ್ಲವೂ ಒಂದೇ ಕೈಯಿಂದ ಮೂಡಿದವು, ಏಕೆಂದರೆ ನೆಲ ಒಟ್ಟಾಗಿ ಒಂದೇ ಸಂಸ್ಥೆಯ ವಶದಲ್ಲಿತ್ತು. ಮೈಸೂರಿನಲ್ಲಿ 1903ರಲ್ಲಿ, ಬೆಂಗಳೂರಿನಲ್ಲಿ 1945ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಗಳು ಇದೇ ಮಾದರಿಯನ್ನು ಮುಂದುವರಿಸಿದವು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಾಗಲೂ ಸಾಧನ ಬದಲಾಗಲಿಲ್ಲ: ಭೂಸ್ವಾಧೀನ. ನೆಲವನ್ನೆಲ್ಲ ಒಟ್ಟಿಗೆ ತೆಗೆದುಕೊಂಡರೆ ಅದರ ಮೇಲೆ ಬೇಕಾದಂತೆ ಗೆರೆ ಎಳೆಯಬಹುದು ಎಂಬ ನಂಬಿಕೆ ಇದರ ತಳದಲ್ಲಿದೆ.

ಆ ನಂಬಿಕೆ ಅದೇ ಪ್ರಾಧಿಕಾರದ ಅರ್ಕಾವತಿ ಬಡಾವಣೆಯಲ್ಲಿ ಕುಸಿದದ್ದನ್ನು ಇಡೀ ರಾಜ್ಯ ನೋಡಿತು. 2003ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟಿತು. 2004ರ ಅಂತಿಮ ಅಧಿಸೂಚನೆಯಲ್ಲಿ 16 ಗ್ರಾಮಗಳ 2,750 ಎಕರೆ ಇತ್ತು. 2010ರಲ್ಲಿ ಬೊಂಡು ರಾಮಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ವಾಧೀನವನ್ನು ಷರತ್ತುಗಳೊಂದಿಗೆ ಎತ್ತಿಹಿಡಿದರೂ, ಕೆಲವು ಬಗೆಯ ಜಮೀನುಗಳನ್ನು ಕೈಬಿಡುವಂತೆ ಮನವಿ ಸಲ್ಲಿಸಲು ಮಾಲೀಕರಿಗೆ ಅವಕಾಶ ಕೊಟ್ಟಿತು. ಅಕ್ಕಪಕ್ಕದ ಜಮೀನು ಬಿಟ್ಟು ತಮ್ಮದನ್ನು ಮಾತ್ರ ಏಕೆ ಹಿಡಿದಿರಿ ಎಂಬ ರೈತರ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಯೋಜಕರ ಕಡೆಯಿಂದ ನೋಡಿದರೆ, ಜಮೀನು ಕೈಬಿಡುವ ಪ್ರತಿ ಡಿನೋಟಿಫಿಕೇಶನ್ ನಕ್ಷೆಯಲ್ಲಿ ಒಂದು ರಂಧ್ರ. ಒಂದು ಸರ್ವೆ ನಂಬರು ಕಳಚಿಕೊಂಡರೆ ಅದರ ಮೂಲಕ ಹಾದುಹೋಗುವ ರಸ್ತೆ, ಒಳಚರಂಡಿ, ನೀರಿನ ಕೊಳವೆ ಎಲ್ಲವೂ ತುಂಡಾಗುತ್ತವೆ. ಕೊನೆಗೆ, ಯಾವ ಸರ್ವೆ ನಂಬರಿನ ಕಟ್ಟನ್ನು ತಪ್ಪಿಸಲೆಂದು ಸ್ವಾಧೀನದ ದಾರಿ ಹಿಡಿಯಲಾಯಿತೋ ಅದೇ ಕಟ್ಟು ಮರಳಿ ಬಂದಿತು.

ಪರಿಹಾರದ ಲೆಕ್ಕದಲ್ಲಿಯೂ ಯೋಜಕರ ಕೈ ಎಷ್ಟು ದೂರ ಚಾಚಿದೆ ಎಂಬುದಕ್ಕೆ ನಾಡಪ್ರಭು ಕೆಂಪೇಗೌಡ ಬಡಾವಣೆ ಸಾಕ್ಷಿ. ಹಣದ ಬದಲು ಅಭಿವೃದ್ಧಿಪಡಿಸಿದ ನಿವೇಶನ ಪಡೆಯಲು ಒಪ್ಪಿದ ಭೂಮಾಲೀಕರಿಗೆ ಎಕರೆಗೆ 9,583 ಚದರಡಿ ಎಂದು ಗೊತ್ತಾಯಿತು. ಎಕರೆಯ 43,560 ಚದರಡಿಯಲ್ಲಿ ನಿವೇಶನಕ್ಕೆ ದಕ್ಕುವ ಶೇ. 55 ಎಂದರೆ 23,958. ಅದರಲ್ಲಿ ರೈತರ ಶೇ. 40 ಪಾಲು ತೆಗೆದರೆ ಆ ಅಂಕಿ ಬರುತ್ತದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯ 16ನೇ ಕಲಮು ಉದ್ಯಾನ ಮತ್ತು ಆಟದ ಬಯಲಿಗೆ ಶೇ. 15ಕ್ಕೆ ಕಡಿಮೆಯಿಲ್ಲದ, ನಾಗರಿಕ ಸೌಲಭ್ಯಗಳಿಗೆ ಇನ್ನೂ ಶೇ. 10ಕ್ಕೆ ಕಡಿಮೆಯಿಲ್ಲದ ನೆಲ ಮೀಸಲಿಡಲು ಹೇಳುತ್ತದೆ. ವಿನ್ಯಾಸದ ಪ್ರತಿಯೊಂದು ಶೇಕಡಾ ಅಂಕಿಯೂ ಕೊನೆಗೆ ಯಾರೋ ಒಬ್ಬ ರೈತರ ಮನೆಯ ಅಂಗಳವನ್ನು ಮುಟ್ಟುತ್ತದೆ. ಯೋಜಕರು ಕೇವಲ ತಾಂತ್ರಿಕ ಅಧಿಕಾರಿಗಳು ಎಂಬ ಮಾತನ್ನು ಒಪ್ಪಲು ನನಗೆ ಸಾಧ್ಯವಾಗದಿರುವುದು ಇದಕ್ಕಾಗಿಯೇ.

ಮೀಸಲಿಟ್ಟ ನೆಲವನ್ನು ಕಾಪಾಡುವುದು ಇನ್ನೊಂದೇ ಹೋರಾಟ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆ ಬಿಟ್ಟಿದ್ದ ಜಾಗವನ್ನು 1976ರಲ್ಲಿ ಖಾಸಗಿ ನರ್ಸಿಂಗ್ ಹೋಮಿಗೆಂದು ಬೆಂಗಳೂರು ಮೆಡಿಕಲ್ ಟ್ರಸ್ಟಿಗೆ ಕೊಡಲಾಯಿತು. ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ನಿಂತಿತು: ಸಾರ್ವಜನಿಕರಿಗಾಗಿ ಮೀಸಲಿಟ್ಟ ಬಯಲನ್ನು ಸರ್ಕಾರದ ಸೂಚನೆಯ ಮೇರೆಗೆ ಖಾಸಗಿಯವರಿಗೆ ವಹಿಸುವಂತಿಲ್ಲ, ಅದನ್ನು ಪ್ರಶ್ನಿಸಲು ಬಡಾವಣೆಯ ಜನರಿಗೆ ಹಕ್ಕಿದೆ, ಪ್ರಾಧಿಕಾರ ತನ್ನ ವಿವೇಚನೆಯನ್ನು ತಾನೇ ಬಳಸಬೇಕು. ಮುದ್ದಪ್ಪ ಪ್ರಕರಣವೆಂದು ಹೆಸರಾದ ಈ ತೀರ್ಪು ಇಡೀ ದೇಶದ ಉದ್ಯಾನಗಳಿಗೆ ಕಾವಲಾಗಿದೆ. ಆದರೆ ಅದು ಬರಲು ಹದಿನೈದು ವರ್ಷ ಹಿಡಿಯಿತು. ಕಡತದ ಮೇಲೆ ಯೋಜಕರು ಬರೆದ ಅಭಿಪ್ರಾಯವನ್ನು ಮೀರಿದವರು ಕಾರಣ ಕೊಡಬೇಕೆಂಬ ಕಟ್ಟುಪಾಡಿದ್ದರೆ ಇಂಥ ವ್ಯಾಜ್ಯಗಳು ಮೊದಲ ಪುಟದಲ್ಲಿಯೇ ಮುಗಿಯುತ್ತವೆ.

ಸ್ವಾಧೀನವೂ ಅಲ್ಲದ, ಒಂಟಿ ಮಾಲೀಕರ ಬಡಾವಣೆಯೂ ಅಲ್ಲದ ದಾರಿ ಗುಜರಾತಿನಲ್ಲಿದೆ. 1915ರ ಬಾಂಬೆ ಪಟ್ಟಣ ಯೋಜನಾ ಕಾಯ್ದೆಯಿಂದ ಆರಂಭವಾಗಿ 1976ರ ಗುಜರಾತ್ ಕಾಯ್ದೆಯಲ್ಲಿ ಬಲಗೊಂಡ ಪಟ್ಟಣ ಯೋಜನಾ ಸ್ಕೀಮು ಎಂಬ ಪದ್ಧತಿ ಅದು. ಒಂದು ಪ್ರದೇಶದ ಎಲ್ಲ ಹಿಡುವಳಿಗಳನ್ನು ಕಾಗದದ ಮೇಲೆ ಕೂಡಿಸುತ್ತಾರೆ, ರಸ್ತೆ, ಬಯಲು, ಶಾಲೆ, ಬಡವರ ವಸತಿಗಾಗಿ ಪ್ರತಿಯೊಬ್ಬರಿಂದಲೂ ಒಂದಿಷ್ಟು ಭಾಗ ಕಳೆಯುತ್ತಾರೆ, ಉಳಿದದ್ದನ್ನು ಚೊಕ್ಕ ಆಕಾರದ ಅಂತಿಮ ನಿವೇಶನವಾಗಿ ಅದೇ ಮಾಲೀಕರಿಗೆ, ಸಾಧ್ಯವಾದಷ್ಟು ಅದೇ ಆಸುಪಾಸಿನಲ್ಲಿ ಹಿಂತಿರುಗಿಸುತ್ತಾರೆ. ಮೌಲ್ಯ ಹೆಚ್ಚಿದ್ದರಲ್ಲಿ ಅರ್ಧದವರೆಗೆ ಮಾಲೀಕರಿಂದ ವಂತಿಗೆಯಾಗಿ ಪಡೆದು ಆ ಪ್ರದೇಶದ ಕಾಮಗಾರಿಗೇ ಹಾಕುತ್ತಾರೆ. 1999ರ ತಿದ್ದುಪಡಿಯ ನಂತರ ಕರಡು ಮಂಜೂರಾದೊಡನೆ ರಸ್ತೆಯ ಜಾಗ ವಶಕ್ಕೆ ಬರುವುದರಿಂದ ಕೆಲಸ ವರ್ಷಗಟ್ಟಲೆ ಕಾಯಬೇಕಿಲ್ಲ. ಅಹಮದಾಬಾದಿನ ಸುತ್ತಿನ 76 ಕಿಲೋಮೀಟರ್ ಸರ್ದಾರ್ ಪಟೇಲ್ ವರ್ತುಲ ರಸ್ತೆಗೆ ಬಹುಪಾಲು ನೆಲ ಒದಗಿದ್ದು ಈ ಬಗೆಯಲ್ಲಿ. 2001ರ ಭೂಕಂಪದಲ್ಲಿ ನೆಲಸಮವಾದ ಭುಜ್ ಪಟ್ಟಣದ ಹಳೆಯ ಕೋಟೆಯೊಳಗಿನ ಇಕ್ಕಟ್ಟಾದ ಓಣಿಗಳಲ್ಲಿಯೂ ಇದನ್ನೇ ಬಳಸಿ ರಸ್ತೆ ಅಗಲ ಮಾಡಿದರು.

ಇಲ್ಲಿ ಗಮನಿಸಬೇಕಾದದ್ದು ಯೋಜಕರ ಸ್ಥಾನ. ಕರಡು ಮಂಜೂರಾದ ಮೇಲೆ ನೇಮಕವಾಗುವ ಪಟ್ಟಣ ಯೋಜನಾಧಿಕಾರಿಗೆ ಅರೆ ನ್ಯಾಯಿಕ ಅಧಿಕಾರವಿದೆ. ಅವರು ಒಬ್ಬೊಬ್ಬ ಮಾಲೀಕರನ್ನೂ ಕರೆದು, ಮೂಲ ನಿವೇಶನವನ್ನೂ ಅಂತಿಮ ನಿವೇಶನವನ್ನೂ ನಕ್ಷೆಯಲ್ಲಿ ತೋರಿಸಿ, ತಕರಾರು ಕೇಳಿ, ಗಡಿಯನ್ನೂ ಹಣವನ್ನೂ ತೀರ್ಮಾನಿಸಬೇಕು. ಗಡಿಗಳಾಚೆ ಯೋಚಿಸುವ ಅಧಿಕಾರವೂ, ಗಡಿಯೊಳಗಿನ ಮನುಷ್ಯರಿಗೆ ಉತ್ತರ ಹೇಳುವ ಹೊಣೆಯೂ ಒಬ್ಬರಲ್ಲಿಯೇ ಕೂಡುತ್ತವೆ.

ಈ ಪದ್ಧತಿಯನ್ನು ನಾನು ಕಣ್ಣುಮುಚ್ಚಿ ಹೊಗಳುತ್ತಿಲ್ಲ. ಇದು ಪಹಣಿಯಲ್ಲಿ ಹೆಸರಿರುವವರೊಂದಿಗೆ ಮಾತ್ರ ಮಾತಾಡುತ್ತದೆ. ಗೇಣಿಗೆ ಉಳುವವರು, ಕೂಲಿಗೆ ಬರುವವರು, ಗೋಮಾಳದಲ್ಲಿ ಕುರಿ ಮೇಯಿಸುವವರು ಆ ಸಭೆಗೆ ಬರುವುದಿಲ್ಲ. ಅಂತಿಮ ಹಂತದ ಲೆಕ್ಕಾಚಾರ ಎಷ್ಟೋ ವರ್ಷ ಎಳೆದದ್ದೂ ಉಂಟು. ಆದರೂ ಹೊಲ ಕಳೆದುಕೊಂಡವರು ಬೆಳೆದ ಬೆಲೆಯನ್ನು ದೂರದಿಂದ ನೋಡುವ ನಮ್ಮ ಪದ್ಧತಿಗಿಂತ ಅದು ಹೆಚ್ಚು ನ್ಯಾಯದ್ದು. ನಮ್ಮ 1961ರ ಕಾಯ್ದೆಯ ಐದನೆಯ ಅಧ್ಯಾಯ ಈ ಸ್ಕೀಮುಗಳಿಗೇ ಮೀಸಲಾಗಿದೆ. ಪಟ್ಟಣ ಯೋಜನಾಧಿಕಾರಿಯ ಹುದ್ದೆಯೂ ಅದರಲ್ಲಿದೆ. ಅಧ್ಯಾಯ ಪುಸ್ತಕದಲ್ಲಿದ್ದರೂ ಅದನ್ನು ಬಳಸುವ ರೂಢಿ ಇಲ್ಲಿ ಬೆಳೆಯಲಿಲ್ಲ.

ಬೆಳೆಯಬೇಕಾದರೆ ಜನ ಬೇಕು. ದೇಶದ ಪಟ್ಟಣಗಳಿಗೆ ಸುಮಾರು 12,000 ನಗರ ಯೋಜಕರು ಬೇಕು, ರಾಜ್ಯಗಳ ಯೋಜನಾ ಇಲಾಖೆಗಳಲ್ಲಿ ಮಂಜೂರಾದ ಹುದ್ದೆಗಳು 4,000ಕ್ಕೂ ಕಡಿಮೆ, ಅದರಲ್ಲಿಯೂ ಶೇ. 42ರಷ್ಟು ಖಾಲಿ ಎಂದು ನೀತಿ ಆಯೋಗದ 2021ರ ವರದಿ ಹೇಳಿದೆ. ಹಲವು ರಾಜ್ಯಗಳಲ್ಲಿ ಆ ಹುದ್ದೆಗೆ ನಗರ ಯೋಜನೆಯ ಪದವಿ ಕಡ್ಡಾಯವಲ್ಲ ಎಂಬುದನ್ನೂ ಅದು ಎತ್ತಿತೋರಿಸಿದೆ. ಹೀಗಿರುವಾಗ ಪೇಟೆಯ ಅಂಚಿನ ಸಾಮಾನ್ಯ ಕುಟುಂಬ ವಿನ್ಯಾಸ ಮಂಜೂರಾತಿ ಇಲ್ಲದ ಕಂದಾಯ ನಿವೇಶನಕ್ಕೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ. ಮಂಜೂರಾದ ನಿವೇಶನ ಕೈಗೆಟುಕದವರು ಎಟುಕಿದ್ದನ್ನು ಕೊಳ್ಳುತ್ತಾರೆ, ಅಲ್ಲಿ ಮನೆ ಕಟ್ಟಿ ಚರಂಡಿಗಾಗಿ ದಶಕಗಟ್ಟಲೆ ಅಲೆಯುತ್ತಾರೆ. ಇಂಥ ಅನಧಿಕೃತ ಬೆಳವಣಿಗೆಯನ್ನು ಶುಲ್ಕ ಪಡೆದು ಸಕ್ರಮಗೊಳಿಸುವ ಅಕ್ರಮ–ಸಕ್ರಮಕ್ಕೆಂದು 2007ರಲ್ಲಿ 1961ರ ಕಾಯ್ದೆಗೆ 76ಎಫ್‌ಎಫ್ ಕಲಮನ್ನು ಸೇರಿಸಲಾಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಸಕ್ರಮದ ಶುಲ್ಕ ಕಟ್ಟಿಸಿಕೊಂಡರೂ ಬಿಡದೇ ಹೋದ ರಸ್ತೆಯನ್ನು ಮನೆಗಳ ನಡುವೆ ಮತ್ತೆ ಹುಟ್ಟಿಸಲು ಬಾರದು.

ಆದ್ದರಿಂದ ಯೋಜಕರು ನಿವೇಶನದಾರರಿಗಿಂತ ಮೊದಲು ಹೊಲಕ್ಕೆ ಹೋಗಬೇಕು. ಜಿಲ್ಲಾ ಕೇಂದ್ರಗಳ ಹೊರವಲಯದಲ್ಲಿ, ಇನ್ನೂ ರಾಗಿ, ಜೋಳ ಬೆಳೆಯುತ್ತಿರುವ ಒಂದೊಂದು ಗ್ರಾಮವನ್ನು ಆಯ್ದುಕೊಂಡು, ಗ್ರಾಮ ನಕಾಶೆ, ಸಮೋನ್ನತಿ ರೇಖೆಗಳು, ಬಿ ಖರಾಬು ಮೂರನ್ನೂ ಒಂದೇ ಹಾಳೆಯ ಮೇಲೆ ತಂದು, ಮುಖ್ಯ ರಸ್ತೆ ಮತ್ತು ನೀರಿನ ದಾರಿಗಳನ್ನಷ್ಟೇ ಮೊದಲು ಗೊತ್ತುಮಾಡಿ ಪ್ರಕಟಿಸಬಹುದು. ಆಮೇಲೆ 17ನೇ ಕಲಮಿನಡಿ ಬರುವ ಪ್ರತಿ ಖಾಸಗಿ ನಕ್ಷೆಯೂ ಆ ಗೆರೆಗಳಿಗೆ ಹೊಂದಿಕೊಳ್ಳಬೇಕು. ಹೊಂದದಿರುವ ಕಡೆ ಐದನೆಯ ಅಧ್ಯಾಯದ ಸ್ಕೀಮು ಬಳಸಿ ಹಿಡುವಳಿಗಳನ್ನು ಮರುಜೋಡಿಸಬೇಕು. ಇದಕ್ಕೆ ಹೊಸ ಕಾನೂನು ಬೇಡ. ಯೋಜನಾ ಇಲಾಖೆ, ಭೂಮಾಪನ ಇಲಾಖೆ, ತಹಶೀಲ್ದಾರರ ಕಚೇರಿಗಳ ಮೂರು ದಾಖಲೆಗಳು ಒಂದೇ ಮೇಜಿಗೆ ಬರಬೇಕು, ಆ ಮೇಜನ್ನು ಗ್ರಾಮ ಪಂಚಾಯಿತಿಯ ಕಟ್ಟಡದಲ್ಲಿ ಹಾಕಬೇಕು. ತಕರಾರು ಹೇಳಲು ಬರುವವರಲ್ಲಿ ಪಹಣಿ ಇಲ್ಲದವರ ಹೆಸರನ್ನೂ ಬರೆದುಕೊಳ್ಳಬೇಕು.