ಲಂಡನ್ ಕಾಗದ – 27: ಮಹಾರಾಜರು ದುಡ್ಡು ಕೊಟ್ಟ ಪ್ಲೇಟುಗಳು

ಈ ಸಲ ಆಸ್ಪತ್ರೆ ಸುದ್ದಿ ಇಲ್ಲ. ಹೋದ ತಿಂಗಳು ರಾಯಲ್ ಆಲ್ಬರ್ಟ್ ಹಾಲ್ ಮುಂದೆ ನಿಂತ ಫೋಟೊ ಹಾಕಿದ್ದೆನಲ್ಲ, ಅದರ ಕೆಳಗೆ ನಮ್ಮ ಚಿಕ್ಕಪ್ಪ "ಆ ಕಟ್ಟಡದೊಳಗೆ ಮೈಸೂರಿನ ದುಡ್ಡು ಹಾಡಿದೆ ಕಣಮ್ಮ, ವಿಚಾರಿಸಿ ಬರಿ" ಎಂದು ಬರೆದಿದ್ದರು. ವಿಚಾರಿಸಿದೆ. ಹಾಡಿದ್ದು ನಿಜ. ಆ ಹಾಡು ಪ್ಲೇಟಿನಲ್ಲಿ ಉಳಿದೂ ಇದೆ. ಮೂರು ವಾರದಿಂದ ನೈಟ್ ಡ್ಯೂಟಿ ಮುಗಿಸಿ ಬಂದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹಳೆಯದನ್ನೂ ಹೊಸದನ್ನೂ ಒಂದರ ಪಕ್ಕ ಒಂದಿಟ್ಟು ಕೇಳುತ್ತಿದ್ದೇನೆ. ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಓದಿ.

ಜಯಚಾಮರಾಜ ಒಡೆಯರ್ ಎಂದರೆ ನಮಗೆ ಕೊನೆಯ ಮಹಾರಾಜರು, ರಾಜಪ್ರಮುಖರು, ಆಮೇಲೆ ರಾಜ್ಯಪಾಲರು. ಸಂಗೀತ ಗೊತ್ತಿರುವವರಿಗೆ 'ಶ್ರೀವಿದ್ಯಾ' ಮುದ್ರಿಕೆಯ 94 ಕೃತಿಗಳ ವಾಗ್ಗೇಯಕಾರರು. ಅವರು ಮೊದಲು ಹಚ್ಚಿಕೊಂಡದ್ದು ಪಿಯಾನೋವನ್ನು. ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್ ಅವರದಾಗಿತ್ತು. 1945ರಲ್ಲಿ ಇಲ್ಲಿನ ಟ್ರಿನಿಟಿ ಸಂಗೀತ ಕಾಲೇಜು ಗೌರವ ಫೆಲೋ ಮಾಡಿತು. 1940ರಲ್ಲಿ ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡಾಗ ಇವರಿಗೆ ಇಪ್ಪತ್ತೊಂದು ವರ್ಷ. ಸಿಂಹಾಸನ ಏರಿದವರು ಊರೂರು ಸುತ್ತಿ ಪಿಯಾನೋ ನುಡಿಸಲಾಗುತ್ತದೆಯೇ? ನುಡಿಸಲಾಗದವರು ಕೇಳಿದರು. ಅರಮನೆಯ ಪ್ಲೇಟುಗಳ ಸಂಗ್ರಹ ಸುಮಾರು ಇಪ್ಪತ್ತು ಸಾವಿರ ಇತ್ತೆಂದು ಅಂದಾಜು. ಲಂಡನ್ನಿನಿಂದ ಹೋದ ರೆಕಾರ್ಡಿಂಗ್ ನಿರ್ಮಾಪಕ ವಾಲ್ಟರ್ ಲೆಗ್ ಅದನ್ನೂ, ಅಲ್ಲಿನ ಲೌಡ್‌ಸ್ಪೀಕರುಗಳನ್ನೂ, ದೊಡ್ಡ ದೊಡ್ಡ ಪಿಯಾನೋಗಳನ್ನೂ ನೋಡಿ ಬೆರಗಾದದ್ದನ್ನು ತಾನೇ ಹೇಳಿಕೊಂಡಿದ್ದಾನೆ. ಮಹಾರಾಜರಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ.

ಈಗ ನಾನಿರುವ ಕಡೆಯ ಕತೆ. ಉತ್ತರ ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಪಿಯಾನೋ ವಾದಕ ಇದ್ದರು. ರಾಖ್ಮನಿನೋವ್ ಹೆಸರು ಕೇಳಿದ್ದೀರಲ್ಲ, ಅವರ ಗೆಳೆಯರು. ಆತ ತನ್ನ ನಾಲ್ಕನೇ ಕಾನ್ಚೆರ್ಟೋವನ್ನು ಮೆಟ್ನರ್‌ಗೆ ಅರ್ಪಿಸಿದರೆ, ಇವರು ತಮ್ಮ ಎರಡನೆಯದನ್ನು ಆತನಿಗೆ ಅರ್ಪಿಸಿದರು. ಕ್ರಾಂತಿಯಾದ ಮೇಲೆ, 1921ರಲ್ಲಿ ರಷ್ಯ ಬಿಟ್ಟು, ಜರ್ಮನಿ, ಫ್ರಾನ್ಸ್ ದಾಟಿ ಇಲ್ಲಿಗೆ ಬಂದು ನೆಲೆಸಿದ್ದರು. ಪುಸ್ತಕ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಯುದ್ಧ ಬಂತು, ಬರುತ್ತಿದ್ದ ದುಡ್ಡು ನಿಂತಿತು. 1942ರಲ್ಲಿ ಹೃದಯಾಘಾತವಾಯಿತು. ಅವರ ಸಂಗೀತವನ್ನು ಪ್ಲೇಟಿಗೆ ಹಾಕಲು ಕಂಪನಿಗಳಿಗೆ ಮನಸ್ಸಿಲ್ಲ, ಯಾರು ಕೊಳ್ಳುತ್ತಾರೆ? ಅಷ್ಟರಲ್ಲಿ ಮೈಸೂರಿನಿಂದ ಕಾಗದ ಬಂತು, ಖರ್ಚು ನಾವು ಕೊಡುತ್ತೇವೆ ಎಂದು.

ಆ ಕಾಲಕ್ಕೆ ಒಂದು ಪದ್ಧತಿ ಇತ್ತು. ಹೆಚ್ಚು ಮಾರಾಟವಾಗದ ಸಂಗೀತಕ್ಕೆ 'ಸೊಸೈಟಿ' ಮಾಡಿ, ಚಂದಾದಾರರಿಂದ ಮೊದಲೇ ದುಡ್ಡು ಸೇರಿಸಿ, ಆಮೇಲೆ ಧ್ವನಿಮುದ್ರಿಸುವುದು. ನಮ್ಮೂರಲ್ಲಿ ಪುಸ್ತಕಕ್ಕೆ ಮುಂಗಡ ಚಂದಾ ಎತ್ತುತ್ತಿದ್ದರಲ್ಲ, ಹಾಗೆ. 1930ರ ದಶಕದಲ್ಲಿ ಇದನ್ನು ಶುರು ಮಾಡಿದವನೇ ಲೆಗ್. ಮೆಟ್ನರ್ ಸೊಸೈಟಿಗೆ ಮಾತ್ರ ಚಂದಾದಾರರ ಜಾಗದಲ್ಲಿ ಒಬ್ಬರೇ ಮಹಾರಾಜರು. ಮೂರು ಸಂಪುಟ ಬಂದವು. 1947ರಲ್ಲಿ ಅಬ್ಬೆ ರೋಡ್ ಸ್ಟುಡಿಯೋದಲ್ಲಿ (ಬೀಟಲ್ಸ್‌ನವರ ಜೀಬ್ರಾ ಕ್ರಾಸಿಂಗ್ ಇರುವ ಅದೇ ರಸ್ತೆ) ಅರವತ್ತೇಳು ವರ್ಷದ, ಹೃದ್ರೋಗಿ ಮೆಟ್ನರ್ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ತಮ್ಮ ಮೂರೂ ಕಾನ್ಚೆರ್ಟೋಗಳನ್ನು ನುಡಿಸಿ ಮುಗಿಸಿದರು. ಮೂರನೆಯದನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು.

ನರ್ಸ್ ಆಗಿ ನನಗೆ ಮೊದಲು ಹೊಳೆದದ್ದು ಆ ಕೆಲಸದ ದಣಿವು. ಒಂದು ಪ್ಲೇಟಿನ ಒಂದು ಬದಿಗೆ ಹಿಡಿಯುತ್ತಿದ್ದದ್ದು ನಾಲ್ಕು, ನಾಲ್ಕೂವರೆ ನಿಮಿಷ. ಮುಕ್ಕಾಲು ಗಂಟೆಯ ಹತ್ತಿರ ಬರುವ ಸಂಗೀತವನ್ನು ಹಾಗೆ ತುಂಡು ತುಂಡಾಗಿ ಹಂಚಬೇಕು. ಮೇಣದ ಮೇಲೆ ನೇರ ಕೊರೆತ. ನಾಲ್ಕನೇ ನಿಮಿಷದಲ್ಲಿ ಒಂದು ಬೆರಳು ಜಾರಿದರೆ ಇಡೀ ಬದಿ ಮತ್ತೆ ಮೊದಲಿನಿಂದ. ಈಗಿನ ಹಾಗೆ ಕತ್ತರಿಸಿ ಅಂಟಿಸುವುದು ಇಲ್ಲ. ಆ ವಯಸ್ಸಿನ, ಆ ಎದೆಯ ರೋಗಿಯನ್ನು ನನ್ನ ವಾರ್ಡಿನಲ್ಲಾದರೆ ಮೆಟ್ಟಿಲು ಹತ್ತಲೂ ಒಬ್ಬಳೇ ಬಿಡುವುದಿಲ್ಲ.

ಹೋಲಿಸಿ ಕೇಳುವುದು ನಮಗೇನೂ ಹೊಸದಲ್ಲ. ಅದೇ ರಾಗ, ಅದೇ ಕೃತಿ. ಚೌಡಯ್ಯನವರ ಪಿಟೀಲಿನಲ್ಲಿ ಒಂದು, ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯಲ್ಲಿ ಇನ್ನೊಂದು ಎಂದು ನಮ್ಮ ಜಗಲಿಗಳಲ್ಲಿ ಎಷ್ಟು ಜಗಳವಾಗಿಲ್ಲ! ಆದರೆ ನಮ್ಮಲ್ಲಿ ವಿದ್ವಾಂಸರು ಮನೋಧರ್ಮದಿಂದ ಬೆಳೆಸುತ್ತಾರೆ, ಬೇರೆ ಆಗಲೇಬೇಕು. ಇಲ್ಲಿ ಪ್ರತಿ ಸ್ವರವೂ ಕಾಗದದ ಮೇಲೆ ಅಚ್ಚಾಗಿದೆ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದೇ ನನ್ನ ಪ್ರಶ್ನೆಯಾಗಿತ್ತು. ಬರುವುದು ಕಾಲಪ್ರಮಾಣದಿಂದ, ಉಸಿರಿನಿಂದ, ಯಾವ ವಾದ್ಯವನ್ನು ಮುಂದೆ ಬಿಡಬೇಕು ಎಂಬ ನಿರ್ವಾಹಕನ ತೀರ್ಮಾನದಿಂದ, ಕೊನೆಗೆ ಮೈಕು ಇಟ್ಟ ಜಾಗದಿಂದ.

ಮೂರನೇ ಕಾನ್ಚೆರ್ಟೋವನ್ನು ಮೂರು ಸಲ ಕೇಳಿದೆ: ಮೆಟ್ನರ್ ಅವರದು, 1990ರ ದಶಕದ ಮೊದಲಲ್ಲಿ ಬಂದ ನಿಕೊಲಾಯ್ ಡೆಮಿಡೆಂಕೊ ಅವರದು, ಜೆಫ್ರಿ ಟೋಜರ್ ಅವರದು. ಡೆಮಿಡೆಂಕೊ ಬೆರಳುಗಳಲ್ಲಿ ಉಕ್ಕು ಇದೆ, ಒಂದೊಂದು ಸ್ವರವೂ ತೊಳೆದಿಟ್ಟ ಪಾತ್ರೆಯ ಹಾಗೆ. ಟೋಜರ್ ಅವರಲ್ಲಿ ಆರ್ಕೆಸ್ಟ್ರಾದ ಒಳಗಿನ ದನಿಗಳು ಬಿಡಿಸಿಟ್ಟಂತೆ ಕೇಳುತ್ತವೆ. ಹಳೆಯ ಪ್ಲೇಟಿನಲ್ಲಿ ಕೊಳಲು, ಕ್ಲಾರಿನೆಟ್ಟುಗಳೆಲ್ಲ ಪಕ್ಕದ ಮನೆಯಲ್ಲಿ ಕೂತಂತಿವೆ. ಇಷ್ಟಾದರೂ ನನ್ನ ಮತ ಮೆಟ್ನರ್‌ಗೇ. ಕತೆ ಹೇಳುವ ಅಜ್ಜ ಗೊತ್ತಿರುವ ಜಾಗದಲ್ಲಿ ದನಿ ತಗ್ಗಿಸುತ್ತಾನಲ್ಲ, ಹಾಗೆ ನುಡಿಸುತ್ತಾರೆ. ಇದು ಲೆರ್ಮೊಂತೊವ್‌ನ ಜಲಕನ್ಯೆಯ ಕವಿತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಶುರುವಾದ ಸಂಗೀತ. ಆರಂಭದ ಆ ನೀರಿನ ಅಲುಗಾಟವನ್ನು ಅವರು ಅವಸರಪಡಿಸುವುದೇ ಇಲ್ಲ. ಪ್ಲೇಟಿನ ಬದಿ ಮುಗಿದ ಕಡೆಗಳಲ್ಲಿ ಸಣ್ಣದೊಂದು ಹೊಲಿಗೆ ಗೊತ್ತಾಗುತ್ತದೆ. ಗೊತ್ತಾಗಲಿ ಬಿಡಿ.

ಇನ್ನು ಚಿಕ್ಕಪ್ಪ ಹೇಳಿದ ಆಲ್ಬರ್ಟ್ ಹಾಲ್. ಮೆಟ್ನರ್ ಕೆಲಸದ ಜೊತೆಗೇ ಮಹಾರಾಜರು ಲೆಗ್‌ಗೆ ಇನ್ನೊಂದು ಮಾತು ಕೊಟ್ಟಿದ್ದರು: ಅವನು 1945ರಲ್ಲಿ ಕಟ್ಟಿದ ಫಿಲ್‌ಹಾರ್ಮೋನಿಯಾ ನೆಲೆಯೂರಲು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ. 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಬಾರ್ತೋಕ್, ರೂಸೆಲ್, ಬಾಲಕಿರೆವ್ ಅವರ ಕೃತಿಗಳನ್ನು ಹರ್ಬರ್ಟ್ ಫಾನ್ ಕರಯಾನ್ 1949ರಲ್ಲಿ ಇಲ್ಲಿ ಧ್ವನಿಮುದ್ರಿಸಿದ್ದು ಈ ನೆರವಿನಿಂದಲೇ. ಬಾರ್ತೋಕ್ ತೀರಿಕೊಂಡು ಆಗ ನಾಲ್ಕೇ ವರ್ಷ. ಕರಯಾನ್ ಅದೇ ಕೃತಿಯನ್ನು ಬರ್ಲಿನ್‌ನಲ್ಲಿ 1960ರಲ್ಲೂ 1969ರಲ್ಲೂ ಮತ್ತೆ ಮಾಡಿದ. ಬರ್ಲಿನ್‌ನದು ರೇಷ್ಮೆ. ಲಂಡನ್ನಿನದರಲ್ಲಿ ಹೊಸ ವಿದ್ಯೆ ಕಲಿಯುವವರ ಎಚ್ಚರಿಕೆ, ಸ್ವಲ್ಪ ಭಯ ಕೂಡ ಇದೆ, ಆ ಸಂಗೀತಕ್ಕೆ ಭಯ ಒಪ್ಪುತ್ತದೆ.

1949ರ ಸೆಪ್ಟೆಂಬರ್ 8ರಂದು ರಿಚರ್ಡ್ ಸ್ಟ್ರಾಸ್ ತೀರಿಕೊಂಡ. ಎಂಬತ್ತೈದು ವರ್ಷ. ಸಾಯುವ ಮುಂಚಿನ ವರ್ಷ ಬರೆದಿಟ್ಟ, ಆರ್ಕೆಸ್ಟ್ರಾ ಜೊತೆ ಹೆಂಗಸಿನ ದನಿಗೆ ಹೊಂದಿಸಿದ ಹಾಡುಗಳನ್ನು ಪ್ರಕಾಶಕರು 'ನಾಲ್ಕು ಕೊನೆಯ ಹಾಡುಗಳು' ಎಂದು ಹೆಸರಿಟ್ಟು ಅಚ್ಚು ಹಾಕಿದರು. ಕೀರ್ಸ್ಟೆನ್ ಫ್ಲಾಗ್‌ಸ್ಟಾಡ್ ಹಾಡಬೇಕೆಂದು ಅವನ ಆಸೆಯಿತ್ತು. 1950ರ ಮೇ 22ರಂದು ಆಲ್ಬರ್ಟ್ ಹಾಲ್‌ನಲ್ಲಿ, ಫಿಲ್‌ಹಾರ್ಮೋನಿಯಾ ಜೊತೆ, ಫುರ್ಟ್‌ವೆಂಗ್ಲರ್ ನಿರ್ವಹಣೆಯಲ್ಲಿ ಆಕೆ ಹಾಡಿದಳು. ಆ ಕಛೇರಿಗೆ ಮಹಾರಾಜರು 4,800 ಡಾಲರ್‌ಗಳ ಭರವಸೆ ನಿಂತಿದ್ದರು. ಬರಲಾಗಲಿಲ್ಲ, ಧ್ವನಿಮುದ್ರಿಸಿ ಮೈಸೂರಿಗೆ ಕಳಿಸಬೇಕೆಂಬುದು ಏರ್ಪಾಡು. ಹಾಗೆ ಕೊರೆದ ಪ್ಲೇಟುಗಳಿಂದಾಗಿ ಆ ಸಂಜೆ ನಮಗೆ ಉಳಿದಿದೆ.

ನಾಲ್ಕರಲ್ಲಿ ಮೂರು ಹಾಡು ಹರ್ಮನ್ ಹೆಸ್ಸೆಯವು, 'ಸಿದ್ಧಾರ್ಥ' ಬರೆದವರು. ಮಂಗಳೂರು ಕಡೆಯವರು ಕೇಳಿ: ಹೆಸ್ಸೆಯ ತಂದೆ ಮಂಗಳೂರಿನ ಬಾಸೆಲ್ ಮಿಷನ್‌ನಲ್ಲಿ ಕೆಲಸ ಮಾಡಿದವರು, ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ.

ಮೊದಲ ಸಂಜೆಯ ಧ್ವನಿಮುದ್ರಣ ಕೇಳಲು ತಾಳ್ಮೆ ಬೇಕು. ಬಾಣಲೆಯಲ್ಲಿ ಒಗ್ಗರಣೆ ಸಿಡಿದಂತೆ ಚಟಚಟ. ಹಾಡುಗಳ ಅನುಕ್ರಮವೂ ಈಗಿನಂತಲ್ಲ. ಈಗ ಮೊದಲು ಬರುವ ವಸಂತದ ಹಾಡು ಅಲ್ಲಿ ಮೂರನೆಯದು, ನಿದ್ದೆಗೆ ಜಾರುವ ಹಾಡೇ ಮೊದಲು. ಫ್ಲಾಗ್‌ಸ್ಟಾಡ್‌ಗೆ ಆಗ ಐವತ್ತನಾಲ್ಕು. ಆ ದೊಡ್ಡ ದನಿ ಎತ್ತರದ ಜಾಗಗಳಿಗೆ ಹೋಗುವಾಗ ಸ್ವಲ್ಪ ಹುಷಾರಾಗುತ್ತದೆ. ಮೂರು ವರ್ಷದ ಮೇಲೆ, 1953ರಲ್ಲಿ, ಅದೇ ಆರ್ಕೆಸ್ಟ್ರಾ ಜೊತೆ ಎಲಿಜಬೆತ್ ಶ್ವಾರ್ಜ್‌ಕೋಫ್ ಹಾಡಿದ್ದು ಎಷ್ಟೋ ಸ್ವಚ್ಛ, ಚಿಗುರಿನಂಥ ದನಿ. ಅದೇ ವರ್ಷ ಲೀಸಾ ಡೆಲ್ಲಾ ಕಾಸಾ ವಿಯೆನ್ನಾದಲ್ಲಿ ಕೊನೆಯ ಹಾಡನ್ನು ಆರು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾಳೆ. 1980ರ ದಶಕದಲ್ಲಿ ಜೆಸ್ಸಿ ನಾರ್ಮನ್ ಅದಕ್ಕೇ ಹತ್ತಿರ ಹತ್ತಿರ ಹತ್ತು ನಿಮಿಷ ತೆಗೆದುಕೊಳ್ಳುತ್ತಾಳೆ. ಸ್ವರಗಳು ಅವೇ! ಒಬ್ಬಳು ಸಂಜೆಯ ನಡಿಗೆ ಮುಗಿಸಿ ಮನೆಗೆ ಬಂದಂತೆ, ಇನ್ನೊಬ್ಬಳು ಸೂರ್ಯ ಮುಳುಗುವುದನ್ನೇ ತಡೆದು ನಿಲ್ಲಿಸಿದಂತೆ. ಮೊದಲ ಸಲ ಕೇಳುವವರು ನಾರ್ಮನ್‌ರಿಂದ ಶುರು ಮಾಡಿ. ನನಗೆ ಈಗ ಡೆಲ್ಲಾ ಕಾಸಾ ಹೆಚ್ಚು ಇಷ್ಟ. ರಾತ್ರಿ ಪಾಳಿಯಲ್ಲಿ ಕೊನೆಯ ಹೊತ್ತು ನೋಡಿ ಅಭ್ಯಾಸವಿರುವವರಿಗೆ ಸಾವು ಅಷ್ಟು ನಿಧಾನಕ್ಕೆ, ಅಷ್ಟು ಅಲಂಕಾರದಲ್ಲಿ ಬರುವುದಿಲ್ಲ ಎಂಬುದು ಗೊತ್ತು.

ಫ್ಲಾಗ್‌ಸ್ಟಾಡ್ ಪ್ಲೇಟಿನಲ್ಲಿ ಒಂದು ವಿಶೇಷ ಇದೆ. ಮುಂದೆ ಹಾಡಿದವರೆಲ್ಲ ಇದು ಹೆಸರಾದ ಕೃತಿ ಎಂದು ತಿಳಿದೇ ಹಾಡಿದರು. ಆ ಸಂಜೆ ಹಾಡುವವಳಿಗಾಗಲಿ ಕೇಳುವವರಿಗಾಗಲಿ ಮುಂದಿನ ಸಾಲು ಹೇಗಿರಬೇಕು ಎಂಬ ರೂಢಿಯೇ ಇರಲಿಲ್ಲ.

ಈಗ ಮನೆಯ ಜಗಳಕ್ಕೆ ಬರುತ್ತೇನೆ. ನಮ್ಮ ತಾತ ಮೈಸೂರು ಚಲೋದಲ್ಲಿ ಜೈಲು ಕಂಡವರು ಎಂಬುದು ನಮ್ಮ ಬಳಗಕ್ಕೆಲ್ಲ ಗೊತ್ತು. 1947ರ ಸೆಪ್ಟೆಂಬರ್‌ನಲ್ಲಿ ಜನ ಜವಾಬ್ದಾರಿ ಸರ್ಕಾರ ಬೇಕೆಂದು ಬೀದಿಗಿಳಿದಿದ್ದರು. ವಿದ್ಯಾರ್ಥಿ ರಾಮಸ್ವಾಮಿ ಗುಂಡೇಟಿಗೆ ಸತ್ತದ್ದು ಆಗಲೇ; ದಿನಾ ಬಸ್ಸಿಳಿಯುವ ರಾಮಸ್ವಾಮಿ ಸರ್ಕಲ್ ಹೆಸರು ಅವನದು. ಅಕ್ಟೋಬರ್‌ನಲ್ಲಿ ಒಪ್ಪಂದವಾಗಿ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದರು. ಮೆಟ್ನರ್ ಪ್ಲೇಟುಗಳ ವರ್ಷವೂ ಅದೇ 1947. ಆಗಿನ ಲೆಕ್ಕದಲ್ಲಿ ಒಂದು ರೂಪಾಯಿಗೆ ಒಂದು ಶಿಲಿಂಗ್ ಆರು ಪೆನ್ಸ್. ಎಂದರೆ 10,000 ಪೌಂಡು ಸುಮಾರು 1,33,000 ರೂಪಾಯಿ, ಅದು ಮೂರು ಸಲ. ಆಲ್ಬರ್ಟ್ ಹಾಲ್‌ನ ಭರವಸೆ ಸುಮಾರು 22,800. ತಾತ ಇದ್ದಿದ್ದರೆ "ಯಾರಪ್ಪನ ಗಂಟು?" ಎಂದು ಕೇಳುತ್ತಿದ್ದರು. ಕೇಳಬೇಕಾದ ಪ್ರಶ್ನೆಯೇ. ಚಿಕ್ಕಪ್ಪನಿಗೆ ಇದು ಬರೀ ಹೆಮ್ಮೆಯ ವಿಷಯ, ನನಗೆ ಪೂರ್ತಿ ಹಾಗನ್ನಿಸುವುದಿಲ್ಲ. ಬ್ರೆಡ್ಡಿಗೂ ರೇಷನ್ ಇದ್ದ ಲಂಡನ್ನಿನ ಆರ್ಕೆಸ್ಟ್ರಾವನ್ನು ಮೈಸೂರು ಸಾಕಿತು ಎಂದರೆ ಎದೆ ಉಬ್ಬುತ್ತದೆ. ಆ ಮೈಸೂರಿನ ಹಳ್ಳಿಗಳಲ್ಲಿ ಹೆರಿಗೆ ಹೇಗಾಗುತ್ತಿತ್ತು ಎಂದು ಅಜ್ಜಿಯ ಬಾಯಲ್ಲಿ ಕೇಳಿದ್ದು ನೆನಪಾದರೆ ಇಳಿಯುತ್ತದೆ. ಆದರೂ ಒಂದು ಮಾತು. ಆ ದುಡ್ಡು ಕುದುರೆ ರೇಸಿಗೆ ಹೋಗಿದ್ದರೆ ಇವತ್ತು ನಮ್ಮ ಕೈಗೆ ಏನೂ ಸಿಗುತ್ತಿರಲಿಲ್ಲ. ಹೃದಯ ಕೈಕೊಡುತ್ತಿದ್ದ ಒಬ್ಬ ಮುದುಕನ ಬೆರಳು ಅವನದೇ ಸಂಗೀತದ ಮೇಲೆ ಹೇಗೆ ಓಡಾಡಿತು ಎಂಬುದು ಸಿಕ್ಕಿದೆ.

ಮೆಟ್ನರ್ 1951ರ ನವೆಂಬರ್‌ನಲ್ಲಿ ತೀರಿಕೊಂಡರು. ಹೆಂಡನ್ ಸ್ಮಶಾನದಲ್ಲಿ ಮಣ್ಣು ಮಾಡಿದ್ದಾರೆ. ಹೋದ ಭಾನುವಾರ ಗೋಲ್ಡರ್ಸ್ ಗ್ರೀನ್‌ನಿಂದ ಅತ್ತ ಹೋಗಿಬಂದೆ. ಪಕ್ಕದ ಮನೆಯಲ್ಲಿ ನಿವೃತ್ತ ಪಿಯಾನೋ ಟೀಚರ್ ಒಬ್ಬರಿದ್ದಾರೆ, ನಾನು ಮೈಸೂರಿನವಳು ಎಂದಾಗ ಇಲ್ಲಿಯವರು ಸಾಮಾನ್ಯವಾಗಿ ಯೋಗವನ್ನೋ ಗಂಧವನ್ನೋ ಹೇಳುತ್ತಾರೆ, ಆಕೆ "ಓ, ಮೆಟ್ನರ್!" ಎಂದಿದ್ದರು. ಫಿಲ್‌ಹಾರ್ಮೋನಿಯಾ ಈಗಲೂ ಇದೆ, ಥೇಮ್ಸ್ ದಂಡೆಯ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ನುಡಿಸುತ್ತದೆ.

ಮೆಟ್ನರ್, ಫ್ಲಾಗ್‌ಸ್ಟಾಡ್ ಎಂದು ಯೂಟ್ಯೂಬಿನಲ್ಲಿ ಹುಡುಕಿದರೆ ಸಿಗುತ್ತದೆ. ಮೊಬೈಲ್ ಸ್ಪೀಕರಿನಲ್ಲಿ ಬೇಡ, ಇಯರ್‌ಫೋನ್ ಹಾಕಿಕೊಳ್ಳಿ. ಚಿಕ್ಕಪ್ಪ, ತಾತನ ಪರವಾಗಿ ಬರೆದದ್ದಕ್ಕೆ ಉತ್ತರ ಕೊಡದೆ ಬಿಡುವವರಲ್ಲ ನೀವು. ಮಂಗಳವಾರ, ಬುಧವಾರ ನನಗೆ ಡ್ಯೂಟಿ, ಗುರುವಾರ ಓದುತ್ತೇನೆ.