ಬಣ್ಣ ನಮ್ಮೂರಿಂದು, ಹೊಳಪು ಕರೆಂಟ್ ಕಂಬದ್ದು

ಭಾಗ 1
ಮೊದಲನೇ ಫೋಟೊದಲ್ಲಿರೋ ನೀಲಿ ಮಗ್‌ಗೆ ಬಣ್ಣ ಹಾಕಿದ್ದು ನಾನೇ. ಗ್ಲೇಜ್‌ನಲ್ಲಿ ಅದ್ದಿದ್ದೂ ನಾನೇ. ಕೆಳಗಡೆ ಗ್ಲೇಜ್ ಮುದುಡಿಕೊಂಡು ಮಣ್ಣು ಕಾಣ್ತಿದೆಯಲ್ಲ, ಅದಕ್ಕೂ ನಾನೇ ಕಾರಣ. ಒಮ್ಮೆ ಸುಟ್ಟ ಮಗ್‌ನ ಎಣ್ಣೆ ಕೈಯಲ್ಲಿ ಮುಟ್ಟಿದ್ದೆ, ಎಣ್ಣೆ ಇದ್ದ ಕಡೆ ಗ್ಲೇಜ್ ಹಿಡೀಲಿಲ್ಲ.

ಎರಡು ತಿಂಗಳಿಂದ ಪ್ರತಿ ಭಾನುವಾರ ಕ್ಯಾಸಂಬಳ್ಳಿಯಿಂದ ಬಂಗಾರಪೇಟೆಗೆ ಬಂದು, ಟ್ರೇನ್ ಹತ್ತಿ, ಬೆಂಗಳೂರಲ್ಲಿ ಇದನ್ನ ಕಲೀತಿದ್ದೀನಿ. ಬಿಕಾಂ ಓದೋನಿಗೆ ಇದೆಲ್ಲ ಯಾಕೆ ಅಂತ ಮನೇಲಿ ಬೈದ್ರು. ಅಜ್ಜಿ ಬೈಲಿಲ್ಲ. ಮಗ್‌ನ ಬೆರಳಲ್ಲಿ ತಟ್ಟಿ ನೋಡಿ, "ಇದ್ರಲ್ಲಿ ನೀರು ತಣ್ಣಗಾಗುತ್ತಾ?" ಅಂದ್ರು.

ಆಗಲ್ಲ. ಗ್ಲೇಜ್ ಅಂದ್ರೆ ಗಾಜು ಕಣ್ರೀ. ಸಿಲಿಕಾ ಪುಡಿಗೆ ಅದನ್ನ ಕರಗಿಸೋ ಖನಿಜಗಳನ್ನ ಸೇರಿಸಿ, ನೀರಲ್ಲಿ ಕಲಸಿ, ಪಾತ್ರೆಗೆ ಬಳೀತಾರೆ. ಸುಟ್ಟಾಗ ಅದು ಕರಗಿ ತೆಳ್ಳಗೆ ಗಾಜಿನ ಚರ್ಮ ಆಗುತ್ತೆ. ಕಪ್ಪಗಿರೋ ಕೋಬಾಲ್ಟ್ ಆಕ್ಸೈಡ್ ನೀಲಿ ಆಗೋದು ಆಗ್ಲೇ. ಆದ್ರೆ ಮಡಕೆ ನೀರನ್ನ ತಣ್ಣಗಿಡೋದು ಅದರ ಸಣ್ಣ ಸಣ್ಣ ರಂಧ್ರಗಳಿಂದ. ನೀರು ಹೊರಗೆ ಜಿನುಗಿ, ಆವಿಯಾಗಿ, ಜೊತೆಗೆ ಬಿಸೀನೂ ತಗೊಂಡು ಹೋಗುತ್ತೆ. ಗಾಜು ಆ ದಾರೀನೇ ಮುಚ್ಚಿಬಿಡುತ್ತೆ.

ನಮ್ಮ ಕುಂಬಾರರಿಗೆ ಗ್ಲೇಜ್ ಗೊತ್ತಿರಲಿಲ್ಲ, ಪಾಪ, ಅಂತ ಕ್ಲಾಸಲ್ಲಿ ಒಬ್ರು ಅಂದಿದ್ರು. ನಂಗೆ ಅದು ಅವತ್ತಿಂದ ಚುಚ್ಚುತ್ತಾ ಇದೆ.

ಭಾಗ 2
ಹೊಳಪು ಬೇಕು ಅಂದ್ರೆ ಗ್ಲೇಜೇ ಆಗಬೇಕು ಅಂತಿಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಕಡೆಯ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಬೃಹತ್ ಶಿಲಾ ಸಮಾಧಿಗಳ ಕಾಲದ ಕಪ್ಪು-ಕೆಂಪು ಮಡಕೆಗಳು ಸಿಕ್ಕವು. ಒಳಗೆ, ಬಾಯಿ ಹತ್ತಿರ ಕಪ್ಪು, ಹೊರಗೆ ಕೆಂಪು. ಎರಡು ಸಾವಿರ ವರ್ಷ ದಾಟಿದ್ರೂ ಹೊಳಪಿದೆ. ಅದು ಸುಡೋ ಮುಂಚೆ ಉಜ್ಜಿ ಉಜ್ಜಿ ತಂದ ಹೊಳಪು, ಗಾಜಲ್ಲ. ಅದಾದ ಮೇಲಿನ ಕಾಲದ ಪದರದಲ್ಲಿ ಕೆಂಪು ಲೇಪದ ಜೊತೆ ಬಿಳಿ ಜೇಡಿಯ ಗೆರೆಗಳಿರೋ ಪಾತ್ರೆಗಳೂ ಸಿಕ್ಕಿವೆ. ಅಂದ್ರೆ ಚಿತ್ರ ಬರೆಯೋದು ಅಷ್ಟು ಹಳೇದು.

ಗ್ಲೇಜೂ ಕರ್ನಾಟಕಕ್ಕೆ ಹೊಸದೇನಲ್ಲ. ಬೀದರಿನಲ್ಲಿ 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಗೋಡೆ ಮೇಲೆ ನೀಲಿ, ಬಿಳಿ, ಹಳದಿ ಗ್ಲೇಜ್ ಹೆಂಚುಗಳು ಇವತ್ತಿಗೂ ಅಲ್ಲಲ್ಲಿ ಉಳಿದಿವೆ. ಗವಾನ್ ಇರಾನಿನ ಗೀಲಾನ್‌ನವನು, ಆ ಕಲೇನೂ ಆ ಕಡೆಯದೇ. ಆದ್ರೆ ಅದು ಗೋಡೆ ಮೇಲೆ ಇತ್ತು, ನೀರಿನ ಮಡಕೆಗೆ ಇಳೀಲಿಲ್ಲ. ಇಳಿಯೋ ಅಗತ್ಯಾನೂ ಇರಲಿಲ್ಲ ಅನ್ಸುತ್ತೆ.

ನಮ್ಮ ಕಡೆ ಬಣ್ಣ ಬೀಳ್ತಿದ್ದಿದ್ದು ಮದುವೆ ಮಡಕೆಗೆ. ಕನ್ನಡದವರು ಐರಣೆ, ಅರಿವೇಣಿ ಅಂತಾರೆ, ತೆಲುಗು ಮನೆಗಳಲ್ಲಿ ಐರೇಣಿ ಕುಂಡಲು. ಕುಂಬಾರರ ಮನೆಗೆ ವಾಲಗದ ಜೊತೆ ಹೋಗಿ, ಮಡಕೆಗೆ ಪೂಜೆ ಮಾಡಿ, ಕುಂಬಾರರಿಗೆ ಅಕ್ಕಿ, ಬೆಲ್ಲ, ಬಟ್ಟೆ ಕೊಟ್ಟು ತರಬೇಕು. ಮೈಗೆಲ್ಲ ಸುಣ್ಣ, ಅದರ ಮೇಲೆ ಕೆಮ್ಮಣ್ಣಿನ ಗೆರೆ, ಚುಕ್ಕಿ. ಸುಟ್ಟ ಮೇಲೆ ಹಾಕೋ ಬಣ್ಣ ಇದು, ನೀರು ಬಿದ್ರೆ ಹೋಗುತ್ತೆ.

ಭಾಗ 3
ಹಾಗಾದ್ರೆ ನಮ್ಮ ತಾಲೂಕಿಗೆ ಹೊಳೆಯೋ ಪಿಂಗಾಣಿ ಬಂದಿದ್ದು ಹೇಗೆ? ನನ್ನ ಉತ್ತರ: ತಲೆ ಎತ್ತಿ ಕರೆಂಟ್ ಕಂಬ ನೋಡಿ.

1902ರ ಜೂನ್ 30ಕ್ಕೆ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟ್ ಬಂತು. ಸುಮಾರು 147 ಕಿಲೋಮೀಟರ್ ತಂತಿ, ಆ ಕಾಲಕ್ಕೆ ಪ್ರಪಂಚದಲ್ಲೇ ತುಂಬಾ ಉದ್ದದ ಲೈನ್‌ಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ, ನಮ್ಮ ಗಣಿ ಆದ ಮೇಲೆ. (ಇದನ್ನ ಬೆಂಗಳೂರು ಫ್ರೆಂಡ್ಸ್‌ಗೆ ಹೇಳೋಕೆ ನಂಗೆ ತುಂಬಾ ಇಷ್ಟ.)

ಕರೆಂಟ್ ಕಂಬಕ್ಕೆ ಇಳೀಬಾರದು ಅಂದ್ರೆ ಮಧ್ಯದಲ್ಲಿ ಇನ್ಸುಲೇಟರ್ ಬೇಕು. ಅದಕ್ಕೆ ಪಿಂಗಾಣಿ ಹೇಳಿ ಮಾಡಿಸಿದಂಗಿದೆ. 1,200 ಡಿಗ್ರಿ ದಾಟಿಸಿ ಸುಟ್ಟಿರ್ತಾರೆ, ನೀರು ಕುಡಿಯಲ್ಲ. ಮೇಲಿನ ಗ್ಲೇಜ್ ನುಣುಪಾಗಿರೋದ್ರಿಂದ ಧೂಳು ಕೂತ್ರೂ ಮಳೆಗೆ ತೊಳೆದು ಹೋಗುತ್ತೆ. ಹಳೇ ಕಂಬದ ಮೇಲಿನ ಆ ಕಂದು ಬಟ್ಟಲಿನ ಬಣ್ಣಕ್ಕೂ ಉಪ್ಪಿನಕಾಯಿ ಜಾಡಿಯ ಕಂದು ಬಣ್ಣಕ್ಕೂ ಮೂಲ ಕಬ್ಬಿಣದ ಅಂಶಾನೇ. ಮೈಸೂರು ಸಂಸ್ಥಾನದಲ್ಲಿ ಕರೆಂಟ್ ಊರೂರಿಗೆ ಹರಡಿದಂಗೆ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಬೆಂಗಳೂರಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ಶುರುವಾಯ್ತು. ಇನ್ಸುಲೇಟರ್ ಮಾಡೋ ಆ ಕಾರ್ಖಾನೆ ಆಮೇಲೆ ಬಿಎಚ್‌ಇಎಲ್‌ಗೆ ಸೇರಿತು. ಟಾಟಾ ಇನ್‌ಸ್ಟಿಟ್ಯೂಟ್ ಹತ್ತಿರ ಬಸ್ಸಲ್ಲಿ ಹೋಗಿದ್ರೆ ನೀವೂ ಆ ಕಾಂಪೌಂಡ್ ನೋಡಿರ್ತೀರ.

ಚಿನ್ನ ತೆಗೆಯೋಕೆ ಕರೆಂಟ್ ಬಂತು, ಕರೆಂಟ್ ಜೊತೆ ಪಿಂಗಾಣಿ ಬಂತು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು.

ಭಾಗ 4
ಗ್ಲೇಜ್ ಹವ್ಯಾಸ ಆಗಿದ್ದು ತೀರಾ ಈಚೆಗೆ. ಜಪಾನಿನಲ್ಲಿ ಕಲಿತು ಬಂದ ಗುರುಚರಣ್ ಸಿಂಗ್ 1952ರಲ್ಲಿ ದೆಹಲಿಯಲ್ಲಿ ಸ್ಟುಡಿಯೋ ಹಾಕಿದ್ರು. ದಕ್ಷಿಣದಲ್ಲಿ 1971ರಲ್ಲಿ ರೇ ಮೀಕರ್, ಡೆಬೊರಾ ಸ್ಮಿತ್ ಪಾಂಡಿಚೇರಿಯಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಶುರು ಮಾಡಿದ್ರು. ಅಲ್ಲಿ ಕಲಿತವರು ಬೇರೆ ಬೇರೆ ಊರಲ್ಲಿ ಸ್ಟುಡಿಯೋ ತೆಗೆದ್ರು. ಈಗ ನನ್ನಂಥೋರು ಫೀಸ್ ಕಟ್ಟಿ ಕೈ ಮಣ್ಣು ಮಾಡ್ಕೋತೀವಿ.

ಹೋದ ತಿಂಗಳು ಅಕ್ಕನ ಮದುವೆ. ಐರೇಣಿಗೆ ನಾನೇ ಗ್ಲೇಜ್ ಮಾಡಿದ ಪಾಟ್ ಇಡೋಣ ಅಂದೆ. ಅಜ್ಜಿ ಒಪ್ಪಲಿಲ್ಲ. "ಕುಂಬಾರರ ಮನೆಯಿಂದ ಬರ್ಲಿಲ್ಲ ಅಂದ್ರೆ ಅದು ಐರೇಣಿ ಅಲ್ಲ" ಅಂದು ಪಕ್ಕದ ಹಳ್ಳಿಗೆ ಕರ್ಕೊಂಡು ಹೋದ್ರು. ಅಲ್ಲಿನ ತಾತ ವರ್ಷಕ್ಕೆ ಎರಡು ಸಲ ಮಾತ್ರ ಆವಿಗೆ ಹಾಕ್ತಾರಂತೆ. ಅವರ ಮಗ ಬೆಂಗಳೂರಿನ ಕಂಪನಿಗೆ ಹೋಗೋದು ನಾನು ಹತ್ತೋ ಟ್ರೇನಲ್ಲೇ, ದಿನಾ. ಐದು ಮಡಕೆಗೆ ತಾತ ಕೇಳಿದ್ದು ನನ್ನ ಒಂದು ಭಾನುವಾರದ ಫೀಸಿನ ಅರ್ಧಕ್ಕಿಂತ ಕಮ್ಮಿ. ಒಡೆದು ಹೋಗೋ ಮಡಕೆ ಲೆಕ್ಕ ಎಲ್ಲಿ ಹಾಕ್ತೀರ ಅಂದೆ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಅದು ನಾರ್ಮಲ್ ಲಾಸ್, ಉಳಿದ ಮಡಕೆಗಳ ಬೆಲೆಗೆ ಸೇರಬೇಕು. ತಾತ ನಕ್ಕು, "ಸೇರಿಸಿದ್ರೆ ಯಾರ್ ತಗೋತಾರಪ್ಪ" ಅಂದ್ರು.

ಬಣ್ಣ ಹಾಕೋಕೆ ಅವರಿಗೆ ಈಗ ಕೈ ನಡುಗುತ್ತೆ. ಹಾಗಾಗಿ ಸುಣ್ಣ ಅವರು ಬಳಿದ್ರು, ಕೆಮ್ಮಣ್ಣಿನ ಗೆರೆ ನಾನು ಎಳೆದೆ. ನಾನು ಪೆನ್ಸಿಲ್ ತೆಗೆದಾಗ ಬೇಡ ಅಂದು, ಮಡಕೆ ತಿರುಗಿಸು, ಕೈ ಆಡಿಸಬೇಡ ಅಂದ್ರು. ಕೊನೇ ಫೋಟೊದಲ್ಲಿ ಐದೂ ಮಡಕೆ ಇವೆ. ಝೂಮ್ ಮಾಡಿ ನೋಡಿ, ಎರಡನೇದರ ಗೆರೆ ಸೊಟ್ಟ ಇದೆ, ಅದು ಅವರು ಹೇಳೋ ಮುಂಚೆ ಎಳೆದಿದ್ದು.

#ಕ್ಯಾಸಂಬಳ್ಳಿ #ಕೆಜಿಎಫ್ #ಬಂಗಾರಪೇಟೆ #ಐರೇಣಿ #ಮಡಕೆ